ಕುದುರೆ ಎಷ್ಟು, ಎತ್ತು ಎಷ್ಟು?



ರೇಡಿಯೊದಲ್ಲಿ ಚಿತ್ರ ತೋರಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ನಿಮ್ಮ ಎರಡು ಕೈಗಳನ್ನು ಒಂದು ನಿಮಿಷ ಕಡ ಕೊಡಿ. ಅಂಗೈಗಳನ್ನು ಎದುರುಬದುರು ಹಿಡಿದು ನಡುವೆ ಒಂದೂವರೆ ಮೊಳದಷ್ಟು ಜಾಗ ಬಿಡಿ. ಈಗ ಕೈಗಳನ್ನು ನಿಧಾನವಾಗಿ ಮುಂದಕ್ಕೆ ಚಾಚುತ್ತ, ಚಾಚಿದಂತೆಲ್ಲ ಹತ್ತಿರ ತನ್ನಿ. ತುದಿಗೆ ಬರುವ ಹೊತ್ತಿಗೆ ಆ ಜಾಗ ಸುಮಾರು ಒಂದು ಮೊಳ ಆಗಿರಲಿ. ಎತ್ತರ ಎಷ್ಟು ಅಂತೀರಾ? ನೆಲದಿಂದ ಅಳೆದರೆ ನಿಮ್ಮ ಊಟದ ಮೇಜಿನಷ್ಟು. ಅದರಲ್ಲೂ ಅರ್ಧ ಗೇಣು ರಸ್ತೆಯ ಉಬ್ಬುತಗ್ಗಿಗೆ ಅಂತ ಬಿಡಬೇಕು. ಇಷ್ಟರೊಳಗೆ ಒಂದು ಎಂಜಿನ್ನು ಕೂರಬೇಕು. ಯಾವ ಎಂಜಿನ್ನು? ಈ ಒಂದು ಪ್ರಶ್ನೆಗೆ ನನ್ನ ತಂಗಿಯ ಮಗ ಒಂದಿಡೀ ಚಳಿಗಾಲ ಕಳೆದ. ಅದರಲ್ಲಿ ಮೂರು ತಿಂಗಳು ನಾನೂ ಅವನ ಜೊತೆಗಿದ್ದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಮೂವತ್ತು ವರ್ಷ ಎಂಜಿನ್ ಬೋರಿಂಗ್ ಅಂಗಡಿ ನಡೆಸಿದವನು ನಾನು. ಅಂಬಾಸಡರ್, ಫಿಯಟ್, ಮಟಡೋರ್, ಆಮೇಲಾಮೇಲೆ ಮಾರುತಿ. ಸವೆದ ಸಿಲಿಂಡರನ್ನು ಕೊರೆದು, ಓವರ್‌ಸೈಜ್ ಪಿಸ್ಟನ್ ಕೂರಿಸಿ, ಮತ್ತೆ ಮೆಕ್ಯಾನಿಕ್ಕನ ಕೈಗೆ ಕೊಡುವುದು ನಮ್ಮ ಕೆಲಸ. ಎಂಜಿನ್ನನ್ನು ಆರಿಸುವುದು ಅನ್ನುವ ಮಾತೇ ನಮ್ಮ ಕಸುಬಿನಲ್ಲಿ ಇರಲಿಲ್ಲ. ಗಿರಾಕಿ ಏನು ತರುತ್ತಾನೋ ಅದೇ. ಡಾಕ್ಟರು ಕಾಯಿಲೆಯವರನ್ನು ಆರಿಸಿಕೊಳ್ಳುತ್ತಾರೆಯೆ?

ತಂಗಿಯ ಮಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದಾನೆ. ಕಂಪ್ಯೂಟರ್ ಕೆಲಸ. ವಾರದಲ್ಲಿ ಐದು ದಿನ ಪರದೆ ನೋಡುತ್ತಾನೆ, ಶನಿವಾರ ಭಾನುವಾರ ಗ್ಯಾರೇಜಿನಲ್ಲಿ ಕಾರು ಕಟ್ಟುತ್ತಾನೆ. ಕಾರು ತೊಳೆಯುವುದಲ್ಲ, ರಿಪೇರಿ ಮಾಡುವುದಲ್ಲ, ಕಟ್ಟುವುದು. ಕಿಟ್ ಕಾರು ಅಂತಾರೆ. ಕಬ್ಬಿಣದ ಚೌಕ ಕೊಳವೆಗಳನ್ನು ಬೆಸುಗೆ ಹಾಕಿದ ಚಾಸಿ, ಹೊದಿಸಲಿಕ್ಕೆ ಅಲ್ಯೂಮಿನಿಯಂ ತಗಡು, ಮೂತಿಗೂ ಮಡ್‌ಗಾರ್ಡಿಗೂ ಫೈಬರ್. ಇಷ್ಟು ಕಿಟ್ಟಿನಲ್ಲಿ ಬರುತ್ತದೆ. ಎಂಜಿನ್ನು, ಗೇರ್‌ಬಾಕ್ಸು, ಡಿಫರೆನ್ಶಿಯಲ್ಲು, ಸ್ಟೀರಿಂಗು, ಇವನ್ನೆಲ್ಲ ಒಂದು ಹಳೆಯ ಕಾರಿನಿಂದ ಬಿಚ್ಚಿಕೊಳ್ಳಬೇಕು. ಆ ಹಳೆಯ ಕಾರನ್ನು ಅಲ್ಲಿ ಡೋನರ್ ಅಂತ ಕರೆಯುತ್ತಾರೆ. ದಾನ ಅನ್ನುವುದು ದೊಡ್ಡ ಮಾತು. ಗುಜರಿಗೆ ಹೊರಟದ್ದನ್ನು ದಾರಿಯಲ್ಲಿ ತಡೆದದ್ದು, ಅಷ್ಟೆ.

ಈ ಹುಚ್ಚು ಹುಟ್ಟಿದ್ದು ತೆರಿಗೆಯಿಂದ ಅಂದರೆ ನಂಬುತ್ತೀರಾ? 1957ರಲ್ಲಿ ಕಾಲಿನ್ ಚಾಪ್‌ಮನ್ ಅನ್ನುವ ಎಂಜಿನಿಯರ್ ಲೋಟಸ್ ಸೆವೆನ್ ಅನ್ನುವ ಕಾರು ತಂದ. ಬಾಗಿಲಿಲ್ಲ, ಸೂರಿಲ್ಲ, ತೂಕ ಅರ್ಧ ಟನ್ನಿಗಿಂತ ಕಡಿಮೆ. ಆಗ ಬ್ರಿಟನ್ನಿನಲ್ಲಿ ಪೂರ್ತಿ ಕಟ್ಟಿದ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಅಂತ ದೊಡ್ಡ ತೆರಿಗೆ ಇತ್ತು, ಬಿಡಿಭಾಗಗಳಿಗೆ ಇರಲಿಲ್ಲ. ಸರಿ, ಬಿಡಿಯಾಗಿಯೇ ಮಾರು. ಆದರೆ ಜೋಡಿಸುವ ವಿಧಾನವನ್ನು ಬರೆದು ಕೊಟ್ಟರೆ ಅದು ಕಾರು ಮಾರಿದಂತೆಯೇ ಲೆಕ್ಕ. ಅದಕ್ಕೆ ಚಾಪ್‌ಮನ್ ಕಾರನ್ನು ಬಿಚ್ಚುವ ವಿಧಾನ ಬರೆದು ಕೊಟ್ಟನಂತೆ. ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳಬೇಕು. ಅಲ್ಲಿನ ಹವ್ಯಾಸಿಗಳು ಈ ಕತೆಯನ್ನು ನಮ್ಮಲ್ಲಿ ತೆನಾಲಿ ರಾಮಕೃಷ್ಣನ ಕತೆ ಹೇಳುವಷ್ಟು ಖುಷಿಯಲ್ಲಿ ಹೇಳುತ್ತಾರೆ. 1973ರ ಏಪ್ರಿಲ್‌ನಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು, ಉಳಿತಾಯದ ಗುಟ್ಟು ಮುಗಿಯಿತು. ಅದೇ ವರ್ಷ ಸೆವೆನ್ ಕಟ್ಟುವ ಹಕ್ಕು ಕೇಟರ್‌ಹ್ಯಾಮ್ ಅನ್ನುವ ಕಂಪನಿಯ ಪಾಲಾಯಿತು. ತೆರಿಗೆ ಹೋದರೂ ಚಟ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಅನ್ನುವವರು 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆ ಅಂತ ಪುಸ್ತಕವನ್ನೇ ಬರೆದರು. ಅದನ್ನು ಓದಿ ಮನೆಮನೆಯ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಿಡಿ ಹಾರತೊಡಗಿತು. ನನ್ನ ಸೋದರಳಿಯನ ಶೆಲ್ಫಿನಲ್ಲೂ ಆ ಪುಸ್ತಕ ಇದೆ, ಗ್ರೀಸ್ ಹತ್ತಿದ ಬೆರಳಿನ ಗುರುತುಗಳ ಸಮೇತ.

ನಾನು ಹೋಗುವ ಹೊತ್ತಿಗೆ ಸೆವೆನ್ ಮಾದರಿಯ ಅವನ ಚಾಸಿ ಸಿದ್ಧವಾಗಿ ಎರಡು ಮರದ ಕುದುರೆಗಳ ಮೇಲೆ ಕೂತಿತ್ತು. ಅಡುಗೆಮನೆಯ ಫ್ರಿಜ್ ಬಾಗಿಲಿನ ಮೇಲೆ ಒಂದು ಪಟ್ಟಿ. ಎಡಕ್ಕೆ ಎಂಜಿನ್ ಹೆಸರು, ಬಲಕ್ಕೆ ಅಶ್ವಶಕ್ತಿ. ಎಲ್ಲಕ್ಕಿಂತ ಮೇಲೆ ಯಮಾಹಾ ಆರ್-1 ಮೋಟಾರ್‌ಸೈಕಲ್ಲಿನ ಎಂಜಿನ್ನು.

"998 ಸಿಸಿ ಮಾವ, ನೂರೈವತ್ತು ಕುದುರೆ! ತೂಕ ನೋಡಿದ್ರೆ ಏನೂ ಇಲ್ಲ."

"ಕುದುರೆ ನೂರೈವತ್ತು ಸರಿ ಕಣೋ. ಎತ್ತು ಎಷ್ಟು?"

ಅವನಿಗೆ ಅರ್ಥ ಆಗಲಿಲ್ಲ. ನಾನು ಕೇಳಿದ್ದು ಟಾರ್ಕ್. ನಮ್ಮ ಲಾರಿ ಡ್ರೈವರುಗಳು ಪುಲ್ಲಿಂಗ್ ಅಂತಾರಲ್ಲ, ಅದು. ಕ್ರ್ಯಾಂಕನ್ನು ತಿರುಚುವ ಬಲ. ಅಶ್ವಶಕ್ತಿ ಅನ್ನುವುದು ಆ ತಿರುಚುವ ಬಲವನ್ನು ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದರಿಂದ ಗುಣಿಸಿ ಬರುವ ಲೆಕ್ಕ. ಬಲ ಕಡಿಮೆ ಇದ್ದರೂ ಸುತ್ತು ಜಾಸ್ತಿ ಮಾಡಿದರೆ ಅಶ್ವಶಕ್ತಿ ಜಾಸ್ತಿಯಾಗುತ್ತದೆ. 1998ರ ಆ ಯಮಾಹಾ ಎಂಜಿನ್ನಿನ ನೂರೈವತ್ತು ಕುದುರೆಯೂ ಸಿಗುವುದು ನಿಮಿಷಕ್ಕೆ 10,000 ಸುತ್ತಿನಲ್ಲಿ. ಅದರ ಟಾರ್ಕು, ಬಹಳ ಅಂದರೆ, 108 ನ್ಯೂಟನ್ ಮೀಟರು. ಅದೇ ಪಟ್ಟಿಯ ಕೆಳಗಡೆ, ಯಾರೂ ತಿರುಗಿ ನೋಡದ ಜಾಗದಲ್ಲಿ, ಮಜ್ದಾ ಎಂಎಕ್ಸ್-5 ಕಾರಿನ 1.6 ಲೀಟರ್ ಎಂಜಿನ್ನು ಇತ್ತು. ಸುಮಾರು 115 ಕುದುರೆ, ಟಾರ್ಕ್ ಮಾತ್ರ ಸುಮಾರು 135. ಓಟಕ್ಕೆ ಕುದುರೆ, ಎಳೆತಕ್ಕೆ ಎತ್ತು. ಆ ಮೋಟಾರ್‌ಸೈಕಲ್ಲು ಸವಾರನನ್ನು ಬಿಟ್ಟರೆ ಇನ್ನೂರು ಕೇಜಿಯೂ ಇಲ್ಲ. ಇವನ ಕಾರು ಎಷ್ಟು ಹಗುರ ಅಂದರೂ ಐನೂರರ ಹತ್ತಿರ, ಮೇಲೆ ಇಬ್ಬರು ಮನುಷ್ಯರು. ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಆ ಪುಟ್ಟ ಕ್ಲಚ್ಚಿನ ಗತಿ ಏನು?

ಹಾಗಂತ ಬೈಕ್ ಎಂಜಿನ್ನನ್ನು ತಳ್ಳಿಹಾಕಲಿಕ್ಕೆ ನಾನು ಹೊರಟಿಲ್ಲ. ಅವನ ಗೆಳೆಯನೊಬ್ಬ ಅಂಥದೇ ಕಾರು ಕಟ್ಟಿದ್ದ, ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಹೋದ. ಊರ ಹೊರಗಿನ ರಸ್ತೆಗೆ ಬಿದ್ದು ಎಂಟು ಸಾವಿರ ಸುತ್ತು ದಾಟಿದ ಮೇಲೆ ಆ ಎಂಜಿನ್ನು ಎತ್ತಿದ ಸ್ವರ ಇದೆಯಲ್ಲ, ನನ್ನ ಅರವತ್ತೆಂಟು ವರ್ಷದ ಎದೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಗೇರು ಹಾಕುವುದು ಮೋಟಾರ್‌ಸೈಕಲ್ಲಿನ ಹಾಗೆಯೇ, ಒಂದಾದ ಮೇಲೆ ಒಂದು, ಟಕ್ ಟಕ್ ಅಂತ. ಖುಷಿಯೋ ಖುಷಿ. ವಾಪಸು ಬಂದು ಮನೆ ಮುಂದೆ ಕಾರು ತಿರುಗಿಸಬೇಕಾದಾಗ ಗೆಳೆಯ ಇಳಿದು ತಳ್ಳಿದ. ಮೋಟಾರ್‌ಸೈಕಲ್ಲಿಗೆ ರಿವರ್ಸ್ ಗೇರ್ ಎಲ್ಲಿಂದ ಬರಬೇಕು? ಬೇಕಾದರೆ ಬೇರೆ ರಿವರ್ಸ್ ಬಾಕ್ಸು ಹಾಕಿಸಬೇಕು, ಇಲ್ಲ ಪುಟ್ಟ ಕರೆಂಟ್ ಮೋಟಾರು. ಎರಡಕ್ಕೂ ದುಡ್ಡು, ಎರಡಕ್ಕೂ ತೂಕ.

ಇನ್ನೊಂದು ಸೂಕ್ಷ್ಮ ಇದೆ, ಅದನ್ನು ಆ ಗೆಳೆಯನೇ ತೋರಿಸಿದ. ಮೋಟಾರ್‌ಸೈಕಲ್ಲು ತಿರುವಿನಲ್ಲಿ ವಾಲುತ್ತದೆ. ಎಂಜಿನ್ನೂ ಜೊತೆಗೇ ವಾಲುವುದರಿಂದ ತಳದ ಚೇಂಬರಿನಲ್ಲಿರುವ ಎಣ್ಣೆ ಪಂಪಿನ ಬಾಯಿಯ ಹತ್ತಿರವೇ ನಿಲ್ಲುತ್ತದೆ. ಕಾರು ವಾಲುವುದಿಲ್ಲ. ಜೋರಾಗಿ ಬಲಕ್ಕೆ ತಿರುಗಿಸಿದರೆ ಎಣ್ಣೆ ಎಡಗೋಡೆಗೆ ಏರಿ ಕೂರುತ್ತದೆ. ತಟ್ಟೆಯಲ್ಲಿ ಸಾರು ಹಿಡಿದುಕೊಂಡು ಗಿರ್ರನೆ ತಿರುಗಿ ನೋಡಿ, ಗೊತ್ತಾಗುತ್ತದೆ. ಪಂಪು ಆಗ ಗಾಳಿ ಕುಡಿಯುತ್ತದೆ. ಹತ್ತು ಸಾವಿರ ಸುತ್ತಿನಲ್ಲಿರುವ ಬೇರಿಂಗಿಗೆ ಒಂದು ಕ್ಷಣ ಎಣ್ಣೆ ತಪ್ಪಿದರೆ ಸಾಕು. ಅದಕ್ಕೆ ಚೇಂಬರಿನೊಳಗೆ ಅಡ್ಡ ತಗಡುಗಳನ್ನು ಕೂರಿಸುತ್ತಾರೆ, ಅಥವಾ ಎಣ್ಣೆಯನ್ನೇ ಬೇರೆ ಟ್ಯಾಂಕಿಗೆ ಎತ್ತುವ ಡ್ರೈ ಸಂಪ್ ಹಾಕುತ್ತಾರೆ. ಮೂವತ್ತು ವರ್ಷ ಕಸುಬು ಮಾಡಿದ ನನಗೆ ಇದು ಹೊಳೆದೇ ಇರಲಿಲ್ಲ.

ಸೋದರಳಿಯನ ಎರಡನೆಯ ಕನಸು ರೋವರ್ ವಿ-8. ಇದರ ಕತೆ ಚೆನ್ನಾಗಿದೆ. ಅಮೆರಿಕದ ಬ್ಯೂಕ್ ಕಂಪನಿ ಮಾಡಿ, ಬೇಡವೆಂದು ಕೈಬಿಟ್ಟ ಅಲ್ಯೂಮಿನಿಯಂ ಎಂಜಿನ್ನು. 1965ರಲ್ಲಿ ಬ್ರಿಟನ್ನಿನ ರೋವರ್ ಅದರ ಹಕ್ಕು ಕೊಂಡಿತು. ಮೂರೂವರೆ ಲೀಟರು, ಎಂಟು ಸಿಲಿಂಡರು. ಮೋರ್ಗನ್, ರೇಂಜ್ ರೋವರ್, ಎಂಜಿ, ಎಲ್ಲದರೊಳಗೂ ಕೂತು ಬಂತು. ಎಂಜಿಬಿ ಕಾರಿನಲ್ಲಿ ಮೊದಲು ಇದ್ದ 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು ನಮ್ಮ ಅಂಬಾಸಡರಿನ 1489 ಸಿಸಿ ಎಂಜಿನ್ನಿನ ಒಡಹುಟ್ಟು, ಒಂದೇ ಬಿ-ಸೀರೀಸ್ ಮನೆತನ. ಆ ಬೀಡುಕಬ್ಬಿಣದ ಬ್ಲಾಕನ್ನು ಬೆಂಚಿನ ಮೇಲೆ ಎತ್ತಿ ಎತ್ತಿ ನನ್ನ ಸೊಂಟ ಹೋಗಿದೆ, ಹಾಗಾಗಿ ಅಧಿಕಾರದಿಂದ ಹೇಳುತ್ತೇನೆ: ಅದರ ತೂಕವೂ ಈ ಎಂಟು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನ್ನಿನ ತೂಕವೂ ಹೆಚ್ಚುಕಡಿಮೆ ಒಂದೇ ಅಂದಾಗ ನಾನು ಎರಡು ಸಲ ಕೇಳಿಸಿಕೊಂಡೆ.

ಹಾಗಾದರೆ ಹಾಕಬಹುದಲ್ಲ? ನಿಮ್ಮ ಕೈ ಇನ್ನೂ ಹಾಗೇ ಇದ್ದರೆ ನೋಡಿ. ವಿ ಆಕಾರದ ಎಂಜಿನ್ನು ಉದ್ದದಲ್ಲಿ ಗಿಡ್ಡ, ಅಗಲದಲ್ಲಿ ದಂಡಿ. ಎರಡೂ ಪಕ್ಕಕ್ಕೆ ಎಕ್ಸಾಸ್ಟ್ ಪೈಪು ಬೇರೆ ಇಳಿಯಬೇಕು, ಅದರಲ್ಲೊಂದು ಕಡೆ ಸ್ಟೀರಿಂಗ್ ರಾಡು ಹಾದುಹೋಗುತ್ತದೆ. ಅಷ್ಟು ಬಲ ಹಾಕಿದ ಮೇಲೆ ಹಳೆಯ ಗೇರ್‌ಬಾಕ್ಸು ಸಾಲದು, ಡಿಫರೆನ್ಶಿಯಲ್ ಸಾಲದು, ಬ್ರೇಕು ಸಾಲದು. ಬೀಗರ ಊಟಕ್ಕೆ ಒಬ್ಬರನ್ನು ಕರೆದರೆ ವ್ಯಾನು ತುಂಬ ಬಂದ ಹಾಗೆ. ವಿ-8 ಬೇಕೆನ್ನುವವರು ಅದಕ್ಕೆಂದೇ ಅಗಲವಾಗಿ ಮಾಡಿದ ಚಾಸಿ ಕೊಳ್ಳುತ್ತಾರೆ. ಅವನ ಚಾಸಿ ಆಗಲೇ ಮರದ ಕುದುರೆಯ ಮೇಲಿತ್ತು. ಮಾತು ಅಲ್ಲಿಗೆ ಮುಗಿಯಿತು.

ಮೂರನೆಯದಕ್ಕೆ ನಾವು ರಟ್ಟಿನ ಎಂಜಿನ್ ಮಾಡಿದೆವು.

ಅದು ಫೋರ್ಡ್ ಪಿಂಟೋ. 1970ರಲ್ಲಿ ಬಂದ, ಮೇಲೆ ಕ್ಯಾಮ್‌ಶಾಫ್ಟ್ ಇರುವ, ಬೀಡುಕಬ್ಬಿಣದ ಎರಡು ಲೀಟರ್ ಎಂಜಿನ್ನು. ಕಾರ್ಟಿನಾ, ಸಿಯೆರಾ ಕಾರುಗಳಲ್ಲಿ ಲಕ್ಷಗಟ್ಟಲೆ ಓಡಿದ್ದು. ಅಗ್ಗ, ಗಟ್ಟಿ, ಹಿಂಚಕ್ರಕ್ಕೆ ಬಲ ಕೊಡುವ ಗೇರ್‌ಬಾಕ್ಸು ಬೆನ್ನಿಗೇ ಅಂಟಿಕೊಂಡು ಬರುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಇಲ್ಲ. ಸೋದರಳಿಯ ಅಳತೆಗಳನ್ನು ಹುಡುಕಿ ತಂದ. ಟಿವಿ ಬಂದ ಡಬ್ಬದ ರಟ್ಟನ್ನು ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡು ನಾವಿಬ್ಬರೂ ಕತ್ತರಿಸಿದೆವು. ಬ್ಲಾಕು, ಹೆಡ್ಡು, ಚೇಂಬರು, ಮುಂದಿನ ಪುಲ್ಲಿ, ಎಲ್ಲಕ್ಕೂ ರಟ್ಟು, ಅಂಟುಪಟ್ಟಿ. ಅವನ ಹೆಂಡತಿ ಅನ್ನಕ್ಕಿಡಲು ದಾಟಿಕೊಂಡು ಓಡಾಡಿದಳು. ರಾತ್ರಿ ಹತ್ತು ಗಂಟೆಗೆ ಆ ರಟ್ಟಿನ ಎಂಜಿನ್ನನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಚಾಸಿಯೊಳಗೆ ಇಳಿಸಿ ಬಾನೆಟ್ ಮುಚ್ಚಿದೆವು. ಮುಚ್ಚಲಿಲ್ಲ. ನಾಲ್ಕು ಬೆರಳು ಮೇಲೆ ನಿಂತಿತು. ಅಷ್ಟು ಕೆಳಗಿಳಿಸೋಣ ಅಂದರೆ ಚೇಂಬರು ಚಾಸಿಯ ಕೆಳಗಿನ ಕೊಳವೆಯನ್ನೂ ದಾಟಿ ನೇತಾಡುತ್ತದೆ, ಮೊದಲ ರಸ್ತೆಯುಬ್ಬಿಗೇ ಒಡೆಯುತ್ತದೆ.

ಪಿಂಟೋ ಎತ್ತರದ ಆಸಾಮಿ ಅನ್ನುವುದು ಇದನ್ನು ಹಾಕಿದ ಎಲ್ಲರಿಗೂ ಗೊತ್ತು. ಅವರು ಚೇಂಬರಿನ ತಳ ಕೊಯ್ದು ಗಿಡ್ಡ ಮಾಡುತ್ತಾರೆ. ಗಿಡ್ಡ ಮಾಡಿದರೆ ಎಣ್ಣೆ ಹಿಡಿಯುವುದು ಕಡಿಮೆಯಾಗುತ್ತದೆಂದು ಪಕ್ಕಕ್ಕೆ ಕಿವಿ ಕೂರಿಸಿ ಅಗಲ ಮಾಡುತ್ತಾರೆ. ಎಣ್ಣೆ ಎಳೆಯುವ ಕೊಳವೆಯನ್ನೂ ಕತ್ತರಿಸಿ ಮತ್ತೆ ಬೆಸೆಯಬೇಕು. ಅಷ್ಟಾದರೂ ಬಾನೆಟ್ಟಿನ ಮೇಲೊಂದು ಗೂನು ಉಳಿಯುವುದುಂಟು. ನನಗೆ ಇದು ಮಾಡಬಹುದಾದ ಕೆಲಸ ಅನ್ನಿಸಿತು, ನಮ್ಮ ಗಲ್ಲಿಯಲ್ಲಾದರೆ ಒಂದು ದಿನದ್ದು. ಅವನಿಗೆ ಗೂನು ಇಷ್ಟವಾಗಲಿಲ್ಲ. ಹವ್ಯಾಸದ ಕಾರು ನೋಡಿ, ಚೆಂದವೂ ಒಂದು ಕಾರಣವೇ. ರಟ್ಟಿನ ಎಂಜಿನ್ನು ವಾರಗಟ್ಟಲೆ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು, ಅವನ ಮಗಳು ಅದರೊಳಗೆ ಗೊಂಬೆ ಮಲಗಿಸುತ್ತಿದ್ದಳು. ಎಂಜಿನ್ ಕೊಳ್ಳುವ ಮೊದಲು ರಟ್ಟು ಕತ್ತರಿಸಿ ಅಂತ ಈಗ ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಕಾಲೇಜು ಹುಡುಗರು ನಗುತ್ತಾರೆ. ಕಂಪ್ಯೂಟರಿನಲ್ಲಿ ಮಾಡ್ತೀವಿ ಅಂಕಲ್ ಅಂತಾರೆ. ಮಾಡಲಿ. ಬಾನೆಟ್ಟು ನಾಲ್ಕು ಬೆರಳು ಮೇಲೆ ನಿಂತದ್ದನ್ನು ಕೈಯಿಂದ ಒತ್ತಿ ನೋಡುವುದು ಅದರಲ್ಲಿ ಆಗುವುದಿಲ್ಲ.

ಹೊಸ ಕಾರುಗಳ ಹಗುರ ಎಂಜಿನ್ನು ಯಾಕೆ ಹಾಕಬಾರದು ಅಂತ ನೀವು ಕೇಳಬಹುದು. ಈಗಿನ ಸಣ್ಣ ಕಾರುಗಳ ಎಂಜಿನ್ನು ಮುಂಚಕ್ರ ತಿರುಗಿಸುವಂಥದ್ದು, ಬಾನೆಟ್ಟಿನೊಳಗೆ ಅಡ್ಡಡ್ಡ ಮಲಗಿರುತ್ತದೆ. ಗೇರ್‌ಬಾಕ್ಸು ಪಕ್ಕದಲ್ಲಿ, ಅದರೊಳಗೇ ಡಿಫರೆನ್ಶಿಯಲ್ಲು. ಸೆವೆನ್ ಮಾದರಿಯ ಕಾರಿನಲ್ಲಿ ಎಂಜಿನ್ನು ಉದ್ದಕ್ಕೆ ಕೂರಬೇಕು, ಬಲ ಹಿಂಚಕ್ರಕ್ಕೆ ಹೋಗಬೇಕು. ಅಂದರೆ ಆ ಎಂಜಿನ್ನಿಗೆ ಬೇರೆ ಯಾವುದೋ ಕಾರಿನ ಗೇರ್‌ಬಾಕ್ಸನ್ನು ಗಂಟುಹಾಕಬೇಕು. ನಡುವೆ ಬೆಲ್ ಹೌಸಿಂಗ್ ಅಂತ ಗಂಟೆಯಾಕಾರದ ಒಂದು ಕವಚ ಇರುತ್ತದೆ. ಇದರ ಬೋಲ್ಟ್ ತೂತುಗಳು ಎಂಜಿನ್ನಿಗೂ ಸರಿಹೋಗಬೇಕು, ಗೇರ್‌ಬಾಕ್ಸಿಗೂ ಸರಿಹೋಗಬೇಕು, ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು, ಸ್ಟಾರ್ಟರ್ ಮೋಟಾರಿನ ಹಲ್ಲು ಫ್ಲೈವೀಲಿಗೆ ಹೊಂದಬೇಕು. ಅಡ್ಡಕ್ಕಿದ್ದಾಗ ಆರಾಮಾಗಿದ್ದ ನೀರಿನ ಪೈಪು ಉದ್ದಕ್ಕೆ ತಿರುಗಿಸಿದ ಕೂಡಲೇ ಹಿಂದಿನ ಗೋಡೆಗೆ ತಾಗುತ್ತದೆ. ಇಂಥ ಜೋಡಣೆಗೇ ಅಲ್ಲಿ ತಯಾರಾದ ಭಾಗಗಳು ಸಿಗುತ್ತವೆ, ಫೋರ್ಡ್ ಝೆಟೆಕ್ ಎಂಜಿನ್ನಿಗೆ ಬೇಕಾದಷ್ಟು. ಆದರೆ ಅಗ್ಗದ ಎಂಜಿನ್ನಿಗೆ ತಂದ ಬಿಡಿಭಾಗದ ಬಿಲ್ಲು ಎಂಜಿನ್ನಿನ ಬೆಲೆಯನ್ನೂ ಮೀರುತ್ತದೆ. ಅದಕ್ಕಿಂತ ಜಾಣರು ಆ ಇಡೀ ಗಂಟನ್ನು ಹಾಗೇ ಎತ್ತಿ ಸೀಟಿನ ಹಿಂದೆ ಇಟ್ಟುಬಿಡುತ್ತಾರೆ. ಲೋಟಸ್ ಕಂಪನಿಯೇ 1966ರ ಯುರೋಪಾ ಕಾರಿನಲ್ಲಿ ಮುಂಚಕ್ರದ ರೆನೋ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಹಿಂದುಮುಂದಾಗಿ ತಿರುಗಿಸಿ ಹಿಂದೆ ಇಟ್ಟಿತ್ತು. ಅದಕ್ಕೆ ಚಾಸಿಯೇ ಬೇರೆ. ಎಂಜಿನ್ನು ಆರಿಸಿ ಕಾರು ಕಟ್ಟುತ್ತೀರೋ, ಕಾರು ಕಟ್ಟಿ ಎಂಜಿನ್ನು ಹುಡುಕುತ್ತೀರೋ? ನನ್ನ ಸೋದರಳಿಯ ಎರಡನೆಯ ಜಾತಿ, ಕಷ್ಟಪಡುವ ಜಾತಿ.

ಮಳೆ ಹಿಡಿದು ಕೂತ ಒಂದು ಶನಿವಾರ ಅವನು ನನ್ನನ್ನು ಕೊವೆಂಟ್ರಿಯ ಸಾರಿಗೆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದ. ಸುತ್ತಾಡುತ್ತ ಆ ಊರಿನದೇ ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ ಕತೆ ಹೇಳಿದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಸರ್ಕಾರಕ್ಕೆ ಬೆಂಕಿ ಆರಿಸುವ ಹೊಸ ಪಂಪು ಬೇಕಾಯಿತು. ಹಳೆಯದಕ್ಕಿಂತ ಹೆಚ್ಚು ನೀರೆತ್ತಬೇಕು, ತೂಕ ಮಾತ್ರ ಬಹಳ ಇಳಿಯಬೇಕು. ಜನ ಕೈಯಲ್ಲಿ ಹೊತ್ತು ಓಡಬೇಕಲ್ಲ. ಕಂಪನಿ 1020 ಸಿಸಿಯ ಅಲ್ಯೂಮಿನಿಯಂ ಎಂಜಿನ್ನು ಮಾಡಿತು. ಹೆಸರು ಎಫ್‌ಡಬ್ಲ್ಯು, ಫೆದರ್‌ವೇಟ್, ಹಕ್ಕಿಪುಕ್ಕದ ತೂಕ ಅಂತ. ಬೆಂಕಿ ಬಿದ್ದಾಗ ಎಂಜಿನ್ ಬಿಸಿಯಾಗಲಿ ಅಂತ ಕಾಯುವವರುಂಟೆ? ಚಾಲೂ ಆದ ಕೂಡಲೇ ಪೂರ್ತಿ ಕಿವಿ ಹಿಂಡಬೇಕು, ಅದನ್ನು ತಡೆಯುವಂತೆ ಕಟ್ಟಿದ್ದರು. ಇದರ ಮೇಲೆ ರೇಸಿನವರ ಕಣ್ಣು ಬಿತ್ತು. 1098 ಸಿಸಿಗೆ ಹಿಗ್ಗಿಸಿ ಕಾರಿಗೆ ಹಾಕಿದರು, 1954ರಲ್ಲಿ ಲ ಮಾನ್ ರೇಸಿನಲ್ಲಿ ಓಡಿಸಿದರು. ಚಾಪ್‌ಮನ್ ಅದನ್ನೇ ಸೆವೆನ್ನಿಗೂ ಹಾಕಿ ಸೂಪರ್ ಸೆವೆನ್ ಅಂದ. ಪಂಪ್‌ಸೆಟ್ಟಿನ ಎಂಜಿನ್ನು ರೇಸ್ ಕಾರಿಗೆ! ನಮ್ಮ ಮಂಡ್ಯದ ಕಡೆಯ ಗದ್ದೆಬದುವಿನಲ್ಲಿ ಕಂಡ ಪಂಪ್‌ಸೆಟ್ಟುಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

ಅಷ್ಟೇ ಮಜಾ ಕೊಟ್ಟದ್ದು ಫೋರ್ಡಿನ ಎರಡು ಎಂಜಿನ್ನುಗಳ ಅಳತೆ. ಮೊದಲ ಸೆವೆನ್‌ಗಳಲ್ಲಿ ಇದ್ದದ್ದು 1172 ಸಿಸಿಯ ಹಳೆಯ ಸೈಡ್ ವಾಲ್ವ್ ಎಂಜಿನ್ನು. ಸಿಲಿಂಡರಿನ ಬೋರು 63.5 ಮಿಲಿಮೀಟರು, ಸ್ಟ್ರೋಕು 92.5. ಸಪೂರ ಬಾವಿ, ಆಳ ಜಾಸ್ತಿ. 1959ರಲ್ಲಿ ಆಂಗ್ಲಿಯಾ ಕಾರಿಗೆ ಬಂದ 997 ಸಿಸಿ ಎಂಜಿನ್ನಿನ ಬೋರು 81ರ ಹತ್ತಿರ, ಸ್ಟ್ರೋಕು 48ರ ಚಿಲ್ಲರೆ. ಬಾಯಿ ಅಗಲ, ಆಳ ಕಮ್ಮಿ. ಪಿಸ್ಟನ್ನು ಒಂದು ಸುತ್ತಿಗೆ ಓಡಬೇಕಾದ ದೂರ ಅರ್ಧದಷ್ಟಾಯಿತು, ಅದೇ ಶ್ರಮದಲ್ಲಿ ಎಷ್ಟೋ ಹೆಚ್ಚು ಸುತ್ತು ತಿರುಗಬಹುದಾಯಿತು. ಬಾಯಿ ಅಗಲವಾದ್ದರಿಂದ ದೊಡ್ಡ ವಾಲ್ವಿಗೂ ಜಾಗ ಸಿಕ್ಕಿತು. ಬೋರು ಕೊರೆಯುವವನಿಗೆ ಈ ಎರಡು ಸಂಖ್ಯೆ ಸಾಕು, ಉಳಿದದ್ದು ತಾನಾಗಿಯೇ ಕಾಣುತ್ತದೆ. ಲೋಟಸ್ಸಿನಲ್ಲಿದ್ದ ಮೈಕ್ ಕಾಸ್ಟಿನ್, ಕೀತ್ ಡಕ್‌ವರ್ತ್ ಇಬ್ಬರೂ ಸೇರಿ 1958ರಲ್ಲಿ ಕಟ್ಟಿದ ಕಾಸ್‌ವರ್ತ್ ಕಂಪನಿ ಹೆಸರು ಮಾಡಿದ್ದು ಇದೇ ಆಂಗ್ಲಿಯಾ ಎಂಜಿನ್ನನ್ನು ತಿದ್ದಿ ತಿದ್ದಿ. ಅದರ ತಮ್ಮ, 1600 ಸಿಸಿಯ ಕ್ರಾಸ್‌ಫ್ಲೋ, ಸೆವೆನ್ ಕಾರಿಗೆ ಹೇಳಿ ಮಾಡಿಸಿದ ಹಾಗಿದೆ. ನನ್ನ ಓಟು ಇದಕ್ಕೇ ಇತ್ತು. ಎರಡು ಕಾರ್ಬ್ಯುರೇಟರು, ಒಂದು ಡಿಸ್ಟ್ರಿಬ್ಯೂಟರು, ಕಂಪ್ಯೂಟರಿಲ್ಲ, ಸ್ಕ್ರೂಡ್ರೈವರಿನಲ್ಲಿ ಮಾತಾಡಿಸಬಹುದು. ಆದರೆ ಹಳೆಯದಾದಷ್ಟೂ ದುಬಾರಿ. ಹವ್ಯಾಸಿಗಳೇ ಪೈಪೋಟಿಯಲ್ಲಿ ಕೊಳ್ಳುತ್ತಾರೆ. ಬೆಲೆ ಕೇಳಿ ತೆಪ್ಪಗಾದೆ.

ಕೊನೆಗೆ ಪಟ್ಟಿಯ ಕೆಳಗಿದ್ದ ಮಜ್ದಾ ಮೇಲೆ ಬಂತು. 1989ರಲ್ಲಿ ಬಂದ ಈ ಎಂಎಕ್ಸ್-5 ಪುಟ್ಟ ತೆರೆದ ಕಾರು. ಎಂಜಿನ್ನು ಉದ್ದಕ್ಕೆ, ಬೆನ್ನಿಗೆ ಐದು ಗೇರಿನ ಬಾಕ್ಸು, ಬಲ ಹಿಂಚಕ್ರಕ್ಕೆ. ಅಂದರೆ ಯಾವುದನ್ನೂ ಯಾವುದಕ್ಕೂ ಗಂಟುಹಾಕಬೇಕಿಲ್ಲ. ಬ್ಲಾಕು ಕಬ್ಬಿಣದ್ದೇ, ಅದರಿಂದ ಒಂದಿಷ್ಟು ತೂಕ. ಹೆಡ್ಡು ಅಲ್ಯೂಮಿನಿಯಂ, ಎರಡು ಕ್ಯಾಮ್‌ಶಾಫ್ಟು. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಾರುಗಳ ಅಡಿ ತುಕ್ಕು ಹಿಡಿಯುತ್ತದೆ, ಎಂಜಿನ್ನು ಗಟ್ಟಿಯಿದ್ದರೂ ಮೈ ಹೋಗುತ್ತದೆ. ಕಿಟ್ ಕಾರಿನವನಿಗೆ ಬೇಕಾದದ್ದು ಇದೇ. ಒಂದೇ ಕಾರು ಕೊಂಡರೆ ಎಂಜಿನ್ನಿನಿಂದ ಬ್ರೇಕಿನವರೆಗೂ ಒಟ್ಟಿಗೇ ಬಾಳಿದ ಸಾಮಾನು ಸಿಗುತ್ತದೆ. ಚಾಸಿ ಮಾಡಿದವರು ಈ ಎಂಜಿನ್ನಿಗೂ ಫೌಂಡೇಶನ್ ಬ್ರಾಕೆಟ್ಟು ಕೊಡುತ್ತಿದ್ದರು. ಮತ್ತೆ ರಟ್ಟು ಕತ್ತರಿಸಿದೆವು. ಬಾನೆಟ್ಟು ಮುಚ್ಚಿತು, ಎರಡು ಬೆರಳು ಉಳಿಯಿತು ಕೂಡ.

ಕಾರು ನೋಡಲು ಹೋದಾಗ ನಾನು ದೊಡ್ಡ ಪಂಡಿತನ ಹಾಗೆ ಎಣ್ಣೆ ಹಾಕುವ ಮುಚ್ಚಳ ತಿರುವಿದೆ. ಒಳಗೆ ಮಜ್ಜಿಗೆ ಕಡೆದಂಥ ಬಿಳಿ ನೊರೆ! "ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ, ನಡಿಯೋ" ಅಂತ ಹೊರಟೇಬಿಟ್ಟೆ. ಗುಜರಿ ಅಂಗಳದ ಮುದುಕ ನಕ್ಕು ಡಿಪ್‌ಸ್ಟಿಕ್ ಎಳೆದು ತೋರಿಸಿದ. ಎಣ್ಣೆ ಕಪ್ಪಾಗಿ ತಿಳಿಯಾಗಿ ಇತ್ತು. ಚಳಿದೇಶದಲ್ಲಿ ಅಂಗಡಿಗೂ ಮನೆಗೂ ಮಾತ್ರ ಓಡಿದ ಕಾರು ಪೂರ್ತಿ ಬಿಸಿಯಾಗುವುದೇ ಇಲ್ಲವಂತೆ. ಒಳಗಿನ ಆವಿ ಮುಚ್ಚಳದ ತಣ್ಣನೆಯ ಲೋಹಕ್ಕೆ ತಾಗಿ ನೊರೆಯಾಗುತ್ತದೆ, ಅಷ್ಟೆ. ಎಣ್ಣೆಯೂ ಹಾಲುಹಾಲಾಗಿದ್ದರೆ, ರೇಡಿಯೇಟರಿನ ನೀರಿನಲ್ಲಿ ಜಿಡ್ಡು ತೇಲುತ್ತಿದ್ದರೆ ಆಗ ಅಂಜಬೇಕು. ಬೆಂಗಳೂರಿನ ಹವೆಯಲ್ಲಿ ಕಲಿತ ವಿದ್ಯೆ ಅಲ್ಲಿ ಹಾಗೇ ನಡೆಯಲಿಲ್ಲ. ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಗೇಜು ಇಟ್ಟು ಕಂಪ್ರೆಶನ್ ನೋಡಿದೆವು. ಇದರಲ್ಲಿ ದೊಡ್ಡ ಸಂಖ್ಯೆಗಿಂತ ಮುಖ್ಯ ನಾಲ್ಕೂ ಸಂಖ್ಯೆ ಹತ್ತಿರ ಹತ್ತಿರ ಇರುವುದು. ಇದ್ದವು.

ಇದಕ್ಕೂ ಮೊದಲು ಇನ್ನೊಂದು ಕಡೆ ಮೋಸ ಹೋಗಿ ಬಂದಿದ್ದೆವು, ಅದನ್ನೂ ಹೇಳಿಬಿಡುತ್ತೇನೆ. ಬೇರೊಬ್ಬ ಮಾರಾಟಗಾರನ ಹತ್ತಿರ ಬಿಡಿ ಎಂಜಿನ್ನು ಅಗ್ಗವಾಗಿ ಸಿಕ್ಕಿತು ಅಂತ ಮುಂಗಡ ಕೊಟ್ಟದ್ದಾಯಿತು. ಹೋಗಿ ನೋಡಿದರೆ ವೈರಿಂಗ್ ಹಗ್ಗವನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ಎಂಜಿನ್ ಇಳಿಸಿದ್ದಾರೆ. ಐವತ್ತು ಅರವತ್ತು ತಂತಿ, ಬಣ್ಣಬಣ್ಣದ ತುದಿಗಳು, ಯಾವುದು ಎಲ್ಲಿಗೆ ಅಂತ ದೇವರೇ ಹೇಳಬೇಕು. ಎಂಜಿನ್ನನ್ನು ಆಡಿಸುವ ಕಂಪ್ಯೂಟರು, ಇಸಿಎಂ ಪೆಟ್ಟಿಗೆ, ಇಲ್ಲ. ಕೀಲಿಕೈಯೊಳಗಿನ ಗುರುತು ಸಿಗದಿದ್ದರೆ ಚಾಲೂ ಆಗದಂಥ ಎಂಜಿನ್ನು ಅದು, ಕೀಲಿಯೂ ಇಲ್ಲ. ಮುಂಗಡ ಹೋಯಿತು. ಈ ಕಾಲದಲ್ಲಿ ಎಂಜಿನ್ನು ಅಂದರೆ ಕಬ್ಬಿಣ ಅರ್ಧ, ತಂತಿ ಅರ್ಧ.

ಅಲ್ಲಿನ ಕಾನೂನಿನಲ್ಲೂ ಎಂಜಿನ್ನಿಗೆ ಒಂದು ಪಾತ್ರ ಇದೆ. ಕಟ್ಟಿದ ಕಾರನ್ನು ಐವಿಎ ಅನ್ನುವ ತಪಾಸಣೆಗೆ ಒಯ್ಯಬೇಕು. ಹೊಗೆಯ ಮಿತಿ ಯಾವುದು ಅನ್ನುವುದಕ್ಕೆ ಅವರು ನೋಡುವುದು ಕಾರು ಕಟ್ಟಿದ ವರ್ಷವನ್ನಲ್ಲ, ಎಂಜಿನ್ನು ಹುಟ್ಟಿದ ವರ್ಷವನ್ನು. ಅದಕ್ಕೆ ಕಾಗದ ಬೇಕು. ಪೂರ್ತಿ ಕಾರು ಕೊಂಡದ್ದರಿಂದ ಆ ಕಾಗದವೂ ಬಂತು.

ನಮ್ಮಲ್ಲಿ ಹೀಗೆ ಕಟ್ಟಿ ರಸ್ತೆಗೆ ಇಳಿಸುವುದು ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನು ಇದ್ದ ಕಾರನ್ನು ಮನಬಂದಂತೆ ಬದಲಾಯಿಸಲಿಕ್ಕೇ ಬಿಡುವುದಿಲ್ಲ. ನಮ್ಮ ಹುಡುಗರು ಕಟ್ಟುವುದು ಕಾಲೇಜು ಸ್ಪರ್ಧೆಗಳಿಗೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡದಂಥವರು ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಕಾರು ಕಟ್ಟುತ್ತಾರೆ. ಅಲ್ಲಿ 710 ಸಿಸಿವರೆಗೆ ಎಂಜಿನ್ನು ಹಾಕಬಹುದು, ಆದರೆ ಎಂಜಿನ್ನು ಎಳೆಯುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದು ತೂತಿನಿಂದ ಹೋಗಬೇಕು. ಮೂಗು ಹಿಡಿದು ಓಡಿಸಿದ ಹಾಗೆ. ಆ ತೂತಿನ ಮುಂದೆ ನಾಲ್ಕು ಸಿಲಿಂಡರಿನ ಎಂಜಿನ್ನಿನ ದೊಡ್ಡಸ್ತಿಕೆ ಅರ್ಧ ಇಳಿಯುತ್ತದೆ. ಅದಕ್ಕೇ ಎಷ್ಟೋ ತಂಡಗಳು ಕೆಟಿಎಂ 390ರ 373 ಸಿಸಿ, ಒಂದೇ ಸಿಲಿಂಡರಿನ ಎಂಜಿನ್ನು ಹಾಕಿ, ಉಳಿಸಿದ ತೂಕದಲ್ಲಿ ಗೆಲ್ಲಲು ನೋಡುತ್ತವೆ. ಕೇಟರ್‌ಹ್ಯಾಮ್ ಕಂಪನಿಯೇ ತನ್ನ 170 ಅನ್ನುವ ಸೆವೆನ್ನಿಗೆ ಹಾಕಿದ್ದು ಸುಜುಕಿಯ 660 ಸಿಸಿ, ಮೂರು ಸಿಲಿಂಡರಿನ ಟರ್ಬೊ ಎಂಜಿನ್ನು. 84 ಕುದುರೆ, ಕಾರಿನ ತೂಕ ಬರೀ 440 ಕೇಜಿ. ನಮ್ಮ ಮಾರುತಿ 800ರ ಎಂಜಿನ್ನು ಅದಕ್ಕಿಂತ ದೊಡ್ಡದು, 796 ಸಿಸಿ. ಸುಜುಕಿಯ ಅದೇ ಮನೆಯ ಕೂಸು. ಎಷ್ಟು ಮಾರುತಿ ಬ್ಲಾಕು ಕೊರೆದಿದ್ದೇನೆ, ಒಂದು ದಿನವೂ ಅದರಲ್ಲಿ ರೇಸ್ ಕಾರು ಕಂಡಿರಲಿಲ್ಲ.

ನಾನು ಊರಿಗೆ ಬಂದ ಮೇಲೆ, ಏಪ್ರಿಲ್‌ನ ಒಂದು ರಾತ್ರಿ, ಫೋನು ಬಂತು. "ಮಾವ, ಮಾತಾಡಬೇಡಿ, ಬರೀ ಕೇಳಿ" ಅಂದ. ಸ್ಟಾರ್ಟರು ನಾಲ್ಕು ಸಲ ಸುತ್ತಿತು. ಒಂದು ಕೆಮ್ಮು. ಆಮೇಲೆ ಹಿಡಿಯಿತು. ಸೈಲೆನ್ಸರು ಇನ್ನೂ ಹಾಕಿರಲಿಲ್ಲ, ಫೋನು ಗರಗರ ಅಂದಿತು. ಆ ಗದ್ದಲದ ಸಂದಿನಲ್ಲಿ ಟಿಕ್ ಟಿಕ್ ಟಿಕ್ ಅಂತ ಸಣ್ಣ ಸದ್ದು ನನ್ನ ಕಿವಿಗೆ ಬಿತ್ತು.

"ಟ್ಯಾಪೆಟ್ ಬಡಿತಾ ಇದೆಯಲ್ಲೋ."

"ತಿಂಗಳುಗಟ್ಟಲೆ ನಿಂತಿತ್ತಲ್ಲ ಮಾವ, ಎಣ್ಣೆ ಇಳಿದುಹೋಗಿದೆ. ಹತ್ತಿದ ಮೇಲೆ ನಿಲ್ತದೆ."

"ಫೋನ್ ಹಾಗೇ ಹಿಡಿದಿರು" ಅಂದೆ. ಗೋಡೆ ಗಡಿಯಾರ ನೋಡುತ್ತ ಕೂತೆ. ನಾಲ್ಕನೆಯ ನಿಮಿಷಕ್ಕೆ ಟಿಕ್ ಟಿಕ್ ನಿಂತಿತು.